ದ್ವಿಚಕ್ರ ವಾಹನಗಳಲ್ಲಿ ಹೆಚ್ಚುವರಿ ದೀಪಗಳ ಆಯ್ಕೆ ಮತ್ತು ಅಳವಡಿಕೆ: ಭಾಲ್ಕಿ, ಬೀದರ್ ಮತ್ತು ಔರಾದ್ ಭಾಗದ ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ದ್ವಿಚಕ್ರ ವಾಹನವು ಕುಟುಂಬದ ಮುಖ್ಯ ಸಂಚಾರ ಸಾಧನವಾಗಿರುತ್ತದೆ. ಹಾಲು ಸಾಗಿಸುವವರು, ಹೊಲಗಳಿಗೆ ರಾತ್ರಿ ನೀರು ಹಾಯಿಸಲು ಹೋಗುವ ರೈತರು, ಬೀದರ್ ನಗರದಲ್ಲಿ ಕೆಲಸ ಮುಗಿಸಿ ತಡವಾಗಿ ಮರಳುವ ನೌಕರರು ಮತ್ತು ಬೆಳಗಿನ ರೈಲು ಹಿಡಿಯಲು ಭಾಲ್ಕಿ ನಿಲ್ದಾಣಕ್ಕೆ ಹೊರಡುವ ಪ್ರಯಾಣಿಕರು ಬೀದಿದೀಪವಿಲ್ಲದ ರಸ್ತೆಗಳಲ್ಲಿ ಸಂಚರಿಸಬೇಕಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹುಣಜಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಹಾಗೂ ಜಿಲ್ಲೆಯ ಇತರ ಕಾರ್ಖಾನೆಗಳ ಕಡೆಗೆ ಸಾಗುವ ಟ್ರ್ಯಾಕ್ಟರ್ ಟ್ರೇಲರ್‌ಗಳು ಇದೇ ರಸ್ತೆಗಳನ್ನು ಬಳಸುತ್ತವೆ. ಹಿಂಬದಿಯ ದೀಪ ಅಥವಾ ಪ್ರತಿಫಲಕ ಇಲ್ಲದ ಟ್ರೇಲರ್, ರಸ್ತೆ ದಾಟುವ ಎಮ್ಮೆ ಮತ್ತು ಚಳಿಗಾಲದ ಬೆಳಗಿನ ಮಂಜು, ಈ ಮೂರೂ ಸವಾರನ ಜೀವಕ್ಕೆ ಅಪಾಯ ತರುವ ಸಂಗತಿಗಳಾಗಿವೆ.

ಈ ಕಾರಣದಿಂದ ಅನೇಕ ಮಾಲೀಕರು ತಮ್ಮ ವಾಹನಗಳಿಗೆ ಹೆಚ್ಚುವರಿ ದೀಪಗಳನ್ನು ಹಾಕಿಸಿಕೊಳ್ಳುತ್ತಿದ್ದಾರೆ. ಸರಿಯಾದ ದೀಪವನ್ನು ಸರಿಯಾದ ಎತ್ತರದಲ್ಲಿ ಮತ್ತು ಸರಿಯಾದ ಕೋನದಲ್ಲಿ ಅಳವಡಿಸಿದಲ್ಲಿ ಅದು ರಕ್ಷಣೆ ನೀಡುತ್ತದೆ. ತಪ್ಪಾಗಿ ಅಳವಡಿಸಿದಲ್ಲಿ ಎದುರಿನಿಂದ ಬರುವವರ ಕಣ್ಣು ಕೋರೈಸಿ ಅಪಘಾತಕ್ಕೆ ಕಾರಣವಾಗುತ್ತದೆ ಮತ್ತು ಮಾಲೀಕರನ್ನು ದಂಡನೆಗೆ ಗುರಿಪಡಿಸುತ್ತದೆ. ದೀಪಗಳ ಆಯ್ಕೆ, ವಿದ್ಯುತ್ ಲೆಕ್ಕ, ಅಳವಡಿಕೆಯ ಕ್ರಮ, ಕಾನೂನಿನ ನಿಬಂಧನೆಗಳು ಮತ್ತು ಕಛೇರಿಯಲ್ಲಿ ಅನುಸರಿಸಬೇಕಾದ ವಿಧಾನವನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

1. ವೇಗ ಮತ್ತು ಬೆಳಕಿನ ಸಂಬಂಧ

ದೀಪವನ್ನು ಬದಲಾಯಿಸುವ ಮುನ್ನ ತನ್ನ ವೇಗಕ್ಕೆ ಎಷ್ಟು ದೂರದ ಬೆಳಕು ಬೇಕು ಎಂಬುದನ್ನು ಸವಾರನು ತಿಳಿದಿರಬೇಕು. ಅಡಚಣೆಯನ್ನು ಕಂಡು ಬ್ರೇಕ್ ಒತ್ತಲು ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಬೇಕಾಗುತ್ತದೆ. ಆ ಅವಧಿಯಲ್ಲಿ ವಾಹನವು ಅದೇ ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಸಾಧಾರಣ ಬ್ರೇಕಿನ ಲೆಕ್ಕವನ್ನು ಹಿಡಿದರೆ ನಿಲ್ಲಲು ಬೇಕಾಗುವ ಒಟ್ಟು ದೂರವು ಸುಮಾರಾಗಿ ಈ ಕೆಳಕಂಡಂತಿರುತ್ತದೆ:

• ಗಂಟೆಗೆ 40 ಕಿ.ಮೀ. ವೇಗದಲ್ಲಿ – 29 ಮೀಟರ್
• ಗಂಟೆಗೆ 60 ಕಿ.ಮೀ. ವೇಗದಲ್ಲಿ – 53 ಮೀಟರ್
• ಗಂಟೆಗೆ 80 ಕಿ.ಮೀ. ವೇಗದಲ್ಲಿ – 82 ಮೀಟರ್

ಮಳೆ ಬಿದ್ದಾಗ, ರಸ್ತೆಯ ಮೇಲೆ ಮಣ್ಣು ಅಥವಾ ಕಬ್ಬಿನ ರವದಿ ಹರಡಿದಾಗ, ಇಲ್ಲವೇ ಹಿಂಬದಿಯಲ್ಲಿ ಸವಾರರು ಅಥವಾ ಹೊರೆ ಇದ್ದಾಗ ಈ ದೂರ ಇನ್ನೂ ಹೆಚ್ಚಾಗುತ್ತದೆ. ಸಾಧಾರಣ ದ್ವಿಚಕ್ರ ವಾಹನದ ತಗ್ಗು ಬೆಳಕಿನಲ್ಲಿ ಕಪ್ಪು ಬಣ್ಣದ ಜಾನುವಾರು ಅಥವಾ ಬಣ್ಣ ಮಾಸಿದ ಟ್ರೇಲರ್ 30ರಿಂದ 50 ಮೀಟರ್ ಒಳಗೆ ಬಂದಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ತಗ್ಗು ಬೆಳಕಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಸವಾರನಿಗೆ ಅಡಚಣೆ ಕಾಣುವ ಹೊತ್ತಿಗೆ ವಾಹನವನ್ನು ನಿಲ್ಲಿಸುವಷ್ಟು ಜಾಗ ಉಳಿದಿರುವುದಿಲ್ಲ. ಹೆಚ್ಚುವರಿ ದೀಪವು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ವೇಗ ಹೆಚ್ಚಿಸಲು ಅದು ಪರವಾನಗಿಯಲ್ಲ.

2. ಮೊದಲು ಇರುವ ದೀಪವನ್ನು ಸರಿಪಡಿಸುವುದು

ಬೆಳಕು ಸಾಲದು ಎಂಬ ದೂರು ಇರುವ ವಾಹನಗಳಲ್ಲಿ ಮೂಲ ದೀಪವನ್ನು ಸರಿಪಡಿಸಿದ ಮಾತ್ರಕ್ಕೆ ಅನೇಕ ವೇಳೆ ತೊಂದರೆ ನಿವಾರಣೆಯಾಗುತ್ತದೆ. ಹೊಸ ದೀಪಕ್ಕೆ ಹಣ ವ್ಯಯಿಸುವ ಮುನ್ನ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

(ಅ) ದೀಪದ ಗಾಜು: ಬೀದರ್ ಜಿಲ್ಲೆಯ ಕೆಂಪು ಮಣ್ಣಿನ ಧೂಳು ಗಾಜಿನ ಮೇಲೆ ತೆಳುವಾಗಿ ಅಂಟಿಕೊಂಡು ಬೆಳಕನ್ನು ತಡೆಯುತ್ತದೆ ಹಾಗೂ ಚದುರಿಸುತ್ತದೆ. ಒದ್ದೆ ಬಟ್ಟೆಯಿಂದ ನಿತ್ಯವೂ ಒರೆಸಬೇಕು. ಪ್ಲಾಸ್ಟಿಕ್ ಗಾಜು ಹಳದಿಗಟ್ಟಿದ್ದರೆ ಅಥವಾ ಒಳಗಿನ ಪ್ರತಿಫಲಕದ ಹೊಳಪು ಹೋಗಿದ್ದರೆ ದೀಪದ ಜೋಡಣೆಯನ್ನು ಪೂರ್ಣವಾಗಿ ಬದಲಾಯಿಸುವುದು ಸೂಕ್ತ.

(ಆ) ವೋಲ್ಟೇಜ್: ಹ್ಯಾಲೋಜೆನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇಕಡ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ತುಕ್ಕು ಹಿಡಿದ ಸಾಕೆಟ್, ಸಡಿಲವಾದ ಅರ್ಥಿಂಗ್ ತಂತಿ ಮತ್ತು ಸವೆದ ಸ್ವಿಚ್ ಇದಕ್ಕೆ ಸಾಮಾನ್ಯ ಕಾರಣಗಳು.

(ಇ) ಕೋನ: ಬಿದ್ದು ಎದ್ದ ವಾಹನಗಳಲ್ಲಿ ದೀಪವು ಮೇಲಕ್ಕೋ ಪಕ್ಕಕ್ಕೋ ತಿರುಗಿರುತ್ತದೆ. ಇದನ್ನು ಸರಿಪಡಿಸುವ ವಿಧಾನವನ್ನು ಕಂಡಿಕೆ 6ರಲ್ಲಿ ನೀಡಲಾಗಿದೆ.

(ಈ) ಬಲ್ಬು: ಹಳೆಯ ಬಲ್ಬಿನ ಬದಲಿಗೆ ಅದೇ ಮಾದರಿಯ ಮತ್ತು ಅದೇ ವ್ಯಾಟ್‌ನ ಹೊಸ ಬಲ್ಬನ್ನೇ ಹಾಕಿಸಬೇಕು. ಹ್ಯಾಲೋಜೆನ್ ದೀಪವಿರುವ ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ 35/35 ವ್ಯಾಟ್‌ನ ಎಚ್‌ಎಸ್1 ಬಲ್ಬು ಇರುತ್ತದೆ. ಇದರ ಜಾಗದಲ್ಲಿ ಕಾರುಗಳಿಗೆ ಮೀಸಲಾದ 60/55 ವ್ಯಾಟ್‌ನ ಎಚ್4 ಬಲ್ಬನ್ನು ಹಾಕಿದರೆ ಶಾಖದಿಂದ ಪ್ರತಿಫಲಕ ಕರಗುವ, ತಂತಿ ಸುಡುವ ಮತ್ತು ಬ್ಯಾಟರಿ ಬರಿದಾಗುವ ಸಂಭವವಿದೆ.

ಹ್ಯಾಲೋಜೆನ್ ಬಲ್ಬಿಗಾಗಿ ತಯಾರಾದ ಪ್ರತಿಫಲಕದೊಳಗೆ ಎಲ್‌ಇಡಿ ಬಲ್ಬು ಹಾಕಿಸುವ ರೂಢಿ ಇತ್ತೀಚೆಗೆ ಹೆಚ್ಚಾಗಿದೆ. ಪ್ರತಿಫಲಕದ ಆಕಾರವನ್ನು ಹ್ಯಾಲೋಜೆನ್ ತಂತುವಿನ ನಿಖರ ಸ್ಥಾನಕ್ಕೆ ಅನುಗುಣವಾಗಿ ರೂಪಿಸಲಾಗಿರುತ್ತದೆ. ಎಲ್‌ಇಡಿಯಲ್ಲಿ ಬೆಳಕು ಹೊರಡುವ ಜಾಗ ಮತ್ತು ದಿಕ್ಕು ಬೇರೆಯಾಗಿರುವುದರಿಂದ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಮೇಲಕ್ಕೆ ಚದುರುತ್ತದೆ. ವಾಹನದ ಮುಂದಿನ ಕೆಲವು ಮೀಟರ್ ಜಾಗ ಪ್ರಖರವಾಗಿ ಕಾಣುವುದರಿಂದ ಸವಾರನಿಗೆ ಬೆಳಕು ಹೆಚ್ಚಾದಂತೆ ತೋರುತ್ತದೆ. ವಾಸ್ತವವಾಗಿ ದೂರದ ನೋಟ ಕಡಿಮೆಯಾಗಿರುತ್ತದೆ ಮತ್ತು ಎದುರಿನವರ ಕಣ್ಣು ಕೋರೈಸುತ್ತದೆ. ಆದ್ದರಿಂದ ಇಂತಹ ಬದಲಾವಣೆಯನ್ನು ಮಾಡಿಸಬಾರದು.

3. ಹೆಚ್ಚುವರಿ ದೀಪಗಳ ವಿಧಗಳು

(ಅ) ಮಂಜು ದೀಪ (ಫಾಗ್ ಲ್ಯಾಂಪ್): ಇದರ ಬೆಳಕು ಅಗಲವಾಗಿಯೂ ಚಪ್ಪಟೆಯಾಗಿಯೂ ಇರುತ್ತದೆ ಮತ್ತು ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕಡಿದುಹೋಗಿರುತ್ತದೆ. ಹತ್ತಿರದ ರಸ್ತೆ, ರಸ್ತೆಯ ಅಂಚು, ತಗ್ಗು ಗುಂಡಿಗಳು ಮತ್ತು ತಿರುವುಗಳನ್ನು ತೋರಿಸಲು ಇದು ಸೂಕ್ತ. ದೂರದ ನೋಟಕ್ಕೆ ಇದು ನೆರವಾಗುವುದಿಲ್ಲ. ಹಳ್ಳಿಯ ರಸ್ತೆಗಳಲ್ಲಿ ಗಂಟೆಗೆ 30ರಿಂದ 50 ಕಿ.ಮೀ. ವೇಗದಲ್ಲಿ ಸಾಗುವ ಬಹುತೇಕ ಸವಾರರಿಗೆ ಈ ವಿಧವೇ ಸಾಕಾಗುತ್ತದೆ.

(ಆ) ದೂರ ದೀಪ (ಡ್ರೈವಿಂಗ್ ಲ್ಯಾಂಪ್): ಮೂಲ ದೀಪದ ಎತ್ತರದ ಬೆಳಕಿಗೆ ಪೂರಕವಾಗಿ ದೂರಕ್ಕೆ ಬೆಳಕು ಚೆಲ್ಲುತ್ತದೆ. ಎದುರಿನಿಂದ ಅಥವಾ ಮುಂದೆ ಅದೇ ದಿಕ್ಕಿನಲ್ಲಿ ಯಾರೂ ಇಲ್ಲದಿರುವಾಗ ಮಾತ್ರ ಇದನ್ನು ಬಳಸಬಹುದು. ಎತ್ತರದ ಬೆಳಕನ್ನು ತಗ್ಗಿಸಿದ ಕ್ಷಣದಲ್ಲಿಯೇ ಇದೂ ಆರಿಹೋಗುವಂತೆ ಜೋಡಣೆ ಮಾಡಿರಬೇಕು.

(ಇ) ಸ್ಪಾಟ್ ಲೈಟ್, ಸರ್ಚ್ ಲೈಟ್ ಮತ್ತು ಎಲ್‌ಇಡಿ ಪಟ್ಟಿ: ಕಿರಿದಾದ ತೀಕ್ಷ್ಣ ಕಿರಣವನ್ನು ಅಥವಾ ನಿಯಂತ್ರಣವಿಲ್ಲದ ಬೆಳಕನ್ನು ಎಲ್ಲ ಕಡೆಗೂ ಹೊರಸೂಸುವ ಇಂತಹ ದೀಪಗಳು ಸಾರ್ವಜನಿಕ ರಸ್ತೆಗೆ ಯೋಗ್ಯವಲ್ಲ. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಅನೇಕ ಎಲ್‌ಇಡಿ ದೀಪಗಳು ಈ ಗುಂಪಿಗೆ ಸೇರುತ್ತವೆ.

(ಈ) ಮಿನುಗು ದೀಪ ಮತ್ತು ಬಣ್ಣದ ದೀಪ: ಕೆಂಪು ಹಾಗೂ ನೀಲಿ ಬಣ್ಣದ ಅಥವಾ ಪಟಪಟನೆ ಮಿನುಗುವ ದೀಪಗಳನ್ನು ಖಾಸಗಿ ದ್ವಿಚಕ್ರ ವಾಹನಗಳಿಗೆ ಹಾಕಿಸಬಾರದು. ಆಂಬುಲೆನ್ಸ್, ಅಗ್ನಿಶಾಮಕ ಮತ್ತು ಪೊಲೀಸ್ ವಾಹನಗಳನ್ನು ಗುರುತಿಸಲು ಸಾರ್ವಜನಿಕರು ಇಂತಹ ದೀಪಗಳನ್ನೇ ಅವಲಂಬಿಸಿರುತ್ತಾರೆ.

4. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

(ಅ) ಅನುಮೋದನೆಯ ಗುರುತು: ಮಾನ್ಯ ಪರೀಕ್ಷೆಗೆ ಒಳಪಟ್ಟ ದೀಪದ ಗಾಜಿನ ಮೇಲೆ ಅನುಮೋದನೆಯ ಗುರುತು ಅಚ್ಚಾಗಿರುತ್ತದೆ. ಅಂತಾರಾಷ್ಟ್ರೀಯ ಮಾನಕದಂತೆ ಅನುಮೋದಿತವಾದ ದೀಪದಲ್ಲಿ ವೃತ್ತದೊಳಗೆ ಆಂಗ್ಲ ಭಾಷೆಯ 'ಇ' ಅಕ್ಷರ ಮತ್ತು ಒಂದು ಅಂಕಿ ಇರುತ್ತದೆ. ಮಂಜು ದೀಪಗಳಲ್ಲಿ ಇದರ ಜೊತೆಗೆ 'ಬಿ' ಅಥವಾ 'ಎಫ್3' ಎಂಬ ಗುರುತನ್ನು ಕಾಣಬಹುದು. ಪೆಟ್ಟಿಗೆಯ ಮೇಲೆ ಮಾತ್ರ ಗುರುತು ಇದ್ದು ಗಾಜಿನ ಮೇಲೆ ಇಲ್ಲದಿದ್ದರೆ ಅಂತಹ ದೀಪವನ್ನು ಖರೀದಿಸಬಾರದು.

(ಆ) ವ್ಯಾಟ್ ಮತ್ತು ಲ್ಯೂಮೆನ್: ವ್ಯಾಟ್ ಎಂಬುದು ದೀಪವು ಬಳಸುವ ವಿದ್ಯುತ್ತಿನ ಅಳತೆ, ಲ್ಯೂಮೆನ್ ಎಂಬುದು ಹೊರಬರುವ ಬೆಳಕಿನ ಅಳತೆ. ಎಚ್‌ಎಸ್1 ಹ್ಯಾಲೋಜೆನ್ ಬಲ್ಬು ಎತ್ತರದ ಬೆಳಕಿನಲ್ಲಿ ಸುಮಾರು 825 ಲ್ಯೂಮೆನ್ ಮತ್ತು ತಗ್ಗು ಬೆಳಕಿನಲ್ಲಿ ಸುಮಾರು 525 ಲ್ಯೂಮೆನ್ ನೀಡುತ್ತದೆ. ಸಣ್ಣ ದೀಪದ ಪೆಟ್ಟಿಗೆಯ ಮೇಲೆ ಹತ್ತಾರು ಸಾವಿರ ಲ್ಯೂಮೆನ್ ಎಂದು ಬರೆದಿದ್ದರೆ ಅದನ್ನು ನಂಬಬಾರದು. ಬೆಳಕಿನ ಪ್ರಮಾಣಕ್ಕಿಂತ ಅದು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ.

(ಇ) ಬಣ್ಣ: ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಸೂಚಿಸಲಾಗುತ್ತದೆ. ಸುಮಾರು 3000 ಕೆಲ್ವಿನ್ ಹಳದಿ ಬೆಳಕು, 6000 ಕೆಲ್ವಿನ್ ನೀಲಿ ಛಾಯೆಯ ಬಿಳಿ ಬೆಳಕು. ಹಳದಿ ಬೆಳಕು ಮಂಜನ್ನು ಭೇದಿಸಿ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಂಜಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಹಳದಿ ಬೆಳಕಿನಲ್ಲಿ ಕಣ್ಣಿಗೆ ಕಿರಿಕಿರಿ ಕಡಿಮೆ ಎಂಬುದಷ್ಟೇ ಲಾಭ. ಮಂಜಿನಲ್ಲಿ ನಿಜವಾದ ಪ್ರಯೋಜನ ದೊರೆಯುವುದು ದೀಪವನ್ನು ತಗ್ಗಿನಲ್ಲಿ ಕೂರಿಸುವುದರಿಂದ ಮತ್ತು ಬೆಳಕು ಮೇಲಕ್ಕೆ ಹೋಗದಂತೆ ತಡೆಯುವುದರಿಂದ.

(ಈ) ನೀರು ಮತ್ತು ಧೂಳಿನಿಂದ ರಕ್ಷಣೆ: ಪೆಟ್ಟಿಗೆಯ ಮೇಲೆ 'ಐಪಿ' ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲ ಅಂಕಿ 6 ಆಗಿದ್ದರೆ ಧೂಳು ಒಳಸೇರುವುದಿಲ್ಲ ಎಂದರ್ಥ. ಎರಡನೆಯ ಅಂಕಿ 7 ಆಗಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾನಿಯಿಲ್ಲ ಎಂದರ್ಥ. ಮಳೆಗಾಲದಲ್ಲಿ ಹಳ್ಳ ದಾಟುವ ಮತ್ತು ಬೇಸಿಗೆಯಲ್ಲಿ ಧೂಳಿನಲ್ಲಿ ಓಡುವ ವಾಹನಗಳಿಗೆ ಐಪಿ67 ದರ್ಜೆಯ ದೀಪವು ಸೂಕ್ತ.

(ಉ) ರಸೀದಿ: ತೆರಿಗೆ ಸಹಿತವಾದ ಬಿಲ್ ಪಡೆದು ಜೋಪಾನವಾಗಿ ಇರಿಸಿಕೊಳ್ಳಬೇಕು. ವಾಹನದ ತಯಾರಕರೇ ಆಯಾ ಮಾದರಿಗೆ ಹೆಚ್ಚುವರಿ ದೀಪವನ್ನು ಪೂರೈಸುತ್ತಿದ್ದಲ್ಲಿ ಅದನ್ನು ಅಧಿಕೃತ ಮಾರಾಟಗಾರರಿಂದ ಹಾಕಿಸುವುದು ಉತ್ತಮ. ಹೊರಗಿನ ಅಂಗಡಿಯಲ್ಲಿ ತಂತಿ ಕತ್ತರಿಸಿ ಜೋಡಿಸಿದಲ್ಲಿ ವಾಹನದ ವಾರಂಟಿಗೆ ಧಕ್ಕೆಯಾಗಬಹುದು.

5. ವಿದ್ಯುತ್ ಲೆಕ್ಕ

ದ್ವಿಚಕ್ರ ವಾಹನದಲ್ಲಿ ವಿದ್ಯುತ್ತನ್ನು ಎಂಜಿನ್ನಿಗೆ ಜೋಡಿಸಿದ ಜನರೇಟರ್ ಉತ್ಪಾದಿಸುತ್ತದೆ. ಅದರ ಸಾಮರ್ಥ್ಯಕ್ಕಿಂತ ಹೆಚ್ಚು ದೀಪಗಳನ್ನು ಉರಿಸಿದರೆ ಕೊರತೆಯು ಬ್ಯಾಟರಿಯ ಮೇಲೆ ಬೀಳುತ್ತದೆ. ವಾಹನದ ಕೈಪಿಡಿಯಲ್ಲಿ ಜನರೇಟರಿನ ವ್ಯಾಟ್ ನಮೂದಾಗಿದ್ದರೆ ಅದರಿಂದ ಈಗಿರುವ ಬಳಕೆಯನ್ನು ಕಳೆಯಬೇಕು.

ಉದಾಹರಣೆಗೆ, ಒಂದು ವಾಹನದ ಉತ್ಪಾದನೆ 100 ವ್ಯಾಟ್ ಎಂದಿಟ್ಟುಕೊಳ್ಳಬಹುದು. ಮುಂದೀಪಕ್ಕೆ 35, ಹಿಂದೀಪಕ್ಕೆ 5, ಇಗ್ನಿಷನ್ ಮತ್ತು ಬ್ಯಾಟರಿ ಚಾರ್ಜಿಗೆ 25 ವ್ಯಾಟ್ ಹೋದರೆ ಉಳಿಯುವುದು 35 ವ್ಯಾಟ್. ಬ್ರೇಕ್ ಒತ್ತಿದಾಗ 21 ವ್ಯಾಟ್‌ನ ಬ್ರೇಕ್ ದೀಪವೂ ಉರಿಯುತ್ತದೆ. ಇಂತಹ ವಾಹನಕ್ಕೆ ತಲಾ 10 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳನ್ನು ಹಾಕಿಸಬಹುದು. ತಲಾ 20 ವ್ಯಾಟ್‌ನ ಎರಡು ದೀಪಗಳು ಅದರ ಸಾಮರ್ಥ್ಯವನ್ನು ಮೀರುತ್ತವೆ. ಎಂಜಿನ್ ನಿಧಾನವಾಗಿ ಓಡುವಾಗ ಉತ್ಪಾದನೆ ಇನ್ನೂ ಕಡಿಮೆಯಾಗಿರುವುದನ್ನು ಮರೆಯಬಾರದು.

ಎಂಜಿನ್ ನಿಲ್ಲಿಸಿ ಹೊಲದಲ್ಲಿ ಬೆಳಕಿಗಾಗಿ ವಾಹನದ ದೀಪ ಉರಿಸುವ ಅಭ್ಯಾಸ ಕೆಲವರಲ್ಲಿದೆ. 4 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಲ್ಲಿ 40 ವ್ಯಾಟ್ ದೀಪ ಉರಿಸಿದರೆ ಲೆಕ್ಕದ ಪ್ರಕಾರವೇ 72 ನಿಮಿಷಗಳಲ್ಲಿ ಬ್ಯಾಟರಿ ಪೂರ್ಣ ಬರಿದಾಗುತ್ತದೆ. ಅದಕ್ಕಿಂತ ಬಹಳ ಮೊದಲೇ ಸ್ವಯಂ ಚಾಲನಾ ಗುಂಡಿ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ಹಳೆಯ ಕಾರ್ಬ್ಯುರೇಟರ್ ವಾಹನಗಳ ಪೈಕಿ ಹಲವದರಲ್ಲಿ ಮುಂದೀಪಕ್ಕೆ ಬ್ಯಾಟರಿಯಿಂದಲ್ಲದೆ ನೇರವಾಗಿ ಜನರೇಟರಿನ ಪರ್ಯಾಯ ವಿದ್ಯುತ್ (ಎ.ಸಿ.) ಬರುತ್ತದೆ. ಎಂಜಿನ್ನಿನ ವೇಗದೊಂದಿಗೆ ದೀಪದ ಬೆಳಕು ಏರಿಳಿಯುತ್ತಿದ್ದರೆ ಇದೇ ಕಾರಣವಿರಬಹುದು. ಎಲ್‌ಇಡಿ ದೀಪಗಳಿಗೆ ನೇರ ವಿದ್ಯುತ್ (ಡಿ.ಸಿ.) ಬೇಕಾಗಿರುವುದರಿಂದ ಅವುಗಳನ್ನು ಇಂತಹ ತಂತಿಗೆ ಜೋಡಿಸಿದರೆ ಮಿನುಗುತ್ತವೆ ಅಥವಾ ಸುಟ್ಟುಹೋಗುತ್ತವೆ. ಬ್ಯಾಟರಿಯಿಂದಲೇ ಪ್ರತ್ಯೇಕ ಸಂಪರ್ಕ ಕೊಡಬೇಕು.

6. ಅಳವಡಿಕೆಯ ಕ್ರಮ

(ಅ) ತಂತಿ ಜೋಡಣೆ: ಮೂಲ ದೀಪದ ತಂತಿಯನ್ನು ಸುಲಿದು ಅದಕ್ಕೇ ಹೊಸ ದೀಪವನ್ನು ಸುತ್ತುವುದು ಅಪಾಯಕರ. ಬ್ಯಾಟರಿಯ ಧನ ತುದಿಯಿಂದ ಮೊದಲು ಫ್ಯೂಸ್, ನಂತರ ರಿಲೇ, ನಂತರ ದೀಪ ಎಂಬ ಕ್ರಮದಲ್ಲಿ ಪ್ರತ್ಯೇಕ ತಂತಿ ಎಳೆಯಬೇಕು. ಫ್ಯೂಸ್ ಬ್ಯಾಟರಿಗೆ ಹತ್ತಿರವಿರಬೇಕು. ರಿಲೇಯಲ್ಲಿ 30ನೇ ತುದಿಗೆ ಫ್ಯೂಸಿನಿಂದ ಬಂದ ತಂತಿ, 87ನೇ ತುದಿಗೆ ದೀಪಕ್ಕೆ ಹೋಗುವ ತಂತಿ, 85 ಮತ್ತು 86ನೇ ತುದಿಗಳಿಗೆ ಸ್ವಿಚ್ ಹಾಗೂ ಅರ್ಥಿಂಗ್ ತಂತಿಗಳು ಬರುತ್ತವೆ. ಒಟ್ಟು 20 ವ್ಯಾಟ್‌ಗೆ 3 ಆಂಪಿಯರ್, ಒಟ್ಟು 40 ವ್ಯಾಟ್‌ಗೆ 5 ಆಂಪಿಯರ್ ಫ್ಯೂಸ್ ಸಾಕಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವ ಬದಲು ದೋಷವನ್ನು ಹುಡುಕಿಸಬೇಕು.

(ಆ) ಸ್ವಿಚ್: ರಿಲೇಯ ನಿಯಂತ್ರಣ ತಂತಿಯನ್ನು ಕೀಲಿ ಹಾಕಿದಾಗ ಮಾತ್ರ ವಿದ್ಯುತ್ ಬರುವ ತಂತಿಗೆ ಜೋಡಿಸಬೇಕು. ದೂರ ದೀಪವಾದಲ್ಲಿ ಎತ್ತರದ ಬೆಳಕಿನ ತಂತಿಯಿಂದ ನಿಯಂತ್ರಣ ಪಡೆಯಬೇಕು. ಆಗ ಸವಾರನು ಬೆಳಕನ್ನು ತಗ್ಗಿಸಿದೊಡನೆ ಎರಡೂ ದೀಪಗಳು ಏಕಕಾಲಕ್ಕೆ ಆರುತ್ತವೆ. ಮಂಜು ದೀಪಕ್ಕೆ ಕೈಗೆ ಸುಲಭವಾಗಿ ಸಿಗುವ ಪ್ರತ್ಯೇಕ ಸ್ವಿಚ್ ಇರಬೇಕು.

(ಇ) ಸ್ಥಾನ: ಮಂಜು ದೀಪವು ನೆಲದಿಂದ ಕನಿಷ್ಠ 25 ಸೆಂ.ಮೀ. ಎತ್ತರದಲ್ಲಿರಬೇಕು ಮತ್ತು ಅದರ ಯಾವ ಭಾಗವೂ ಮೂಲ ದೀಪದ ತಗ್ಗು ಬೆಳಕಿನ ಮೇಲಂಚಿಗಿಂತ ಎತ್ತರದಲ್ಲಿರಬಾರದು. ಇದು ದ್ವಿಚಕ್ರ ವಾಹನಗಳ ದೀಪಗಳಿಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಮಾನಕದಲ್ಲಿಯೂ ಇರುವ ನಿಯಮ. ದೀಪವು ಹ್ಯಾಂಡಲ್ ತಿರುಗುವುದಕ್ಕೆ, ಮುಂದಿನ ಶಾಕ್ ಅಬ್ಸಾರ್ಬರ್ ಚಲನೆಗೆ ಮತ್ತು ಇಂಡಿಕೇಟರ್ ಕಾಣುವುದಕ್ಕೆ ಅಡ್ಡಿಯಾಗಬಾರದು. ಕನ್ನಡಿಯ ಮೇಲೆ ಅಥವಾ ಹ್ಯಾಂಡಲ್ ಮೇಲೆ ಎತ್ತರದಲ್ಲಿ ಮಂಜು ದೀಪ ಕೂರಿಸುವುದು ಸರಿಯಲ್ಲ.

(ಈ) ಕೋನದ ಹೊಂದಾಣಿಕೆ: ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 8 ಮೀಟರ್ ದೂರದಲ್ಲಿ ವಾಹನವನ್ನು ನೇರವಾಗಿ ನಿಲ್ಲಿಸಿ, ಸವಾರನು ಅದರ ಮೇಲೆ ಕುಳಿತಿರಬೇಕು. ದೀಪದ ಮಧ್ಯಬಿಂದುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸುಣ್ಣದಿಂದ ಅಡ್ಡಗೆರೆ ಎಳೆಯಬೇಕು. ತಗ್ಗು ಬೆಳಕಿನ ಮೇಲಂಚು ಆ ಗೆರೆಗಿಂತ 4ರಿಂದ 20 ಸೆಂ.ಮೀ. ಕೆಳಗೆ ಬೀಳಬೇಕು. ಮಂಜು ದೀಪದ ಬೆಳಕು ಅದರದೇ ಎತ್ತರದ ಗೆರೆಗಿಂತ ಸುಮಾರು 16 ಸೆಂ.ಮೀ. ಕೆಳಗಿದ್ದರೆ ಒಳ್ಳೆಯದು.

(ಉ) ಹೊರೆಯೊಂದಿಗೆ ಪರೀಕ್ಷೆ: ಹಿಂಬದಿಯಲ್ಲಿ ಸವಾರರು ಕುಳಿತಾಗ ಅಥವಾ ಹಾಲಿನ ಕ್ಯಾನುಗಳನ್ನು ಕಟ್ಟಿದಾಗ ವಾಹನದ ಹಿಂಭಾಗ ಕುಗ್ಗಿ ಮುಂಭಾಗ ಮೇಲೇಳುತ್ತದೆ. ದೀಪದ ಬೆಳಕೂ ಅದರೊಂದಿಗೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ನಿತ್ಯ ಒಯ್ಯುವ ಹೊರೆಯನ್ನು ಇರಿಸಿಕೊಂಡೇ ಮೇಲಿನ ಪರೀಕ್ಷೆ ನಡೆಸತಕ್ಕದ್ದು. ಜೋಡಣೆಯಾದ ಒಂದು ವಾರದ ನಂತರ ಬೋಲ್ಟ್‌ಗಳನ್ನು ಪುನಃ ಬಿಗಿಗೊಳಿಸಿ ಕೋನವನ್ನು ಮತ್ತೊಮ್ಮೆ ನೋಡಬೇಕು.

7. ಕಾನೂನಿನ ನಿಬಂಧನೆಗಳು

ದೀಪಗಳಿಗೆ ಸಂಬಂಧಿಸಿದ ನಿಬಂಧನೆಗಳು ಮೋಟಾರು ವಾಹನಗಳ ಅಧಿನಿಯಮ, 1988 ಮತ್ತು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಲ್ಲಿ ಅಡಕವಾಗಿವೆ. ಮುಖ್ಯವಾದವುಗಳು ಇಂತಿವೆ:

• ನಿಯಮ 105: ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮುಂಚಿನವರೆಗೆ ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ಸಮಯದಲ್ಲಿ ವಾಹನದ ದೀಪಗಳು ಉರಿಯುತ್ತಿರಬೇಕು. 2017ರ ಏಪ್ರಿಲ್ 1ರಿಂದ ತಯಾರಾದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲನೆಯಾದೊಡನೆ ಮುಂದೀಪ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಇದನ್ನು ನಿಷ್ಕ್ರಿಯಗೊಳಿಸಬಾರದು.

• ನಿಯಮ 106: ಮುಂದಕ್ಕೆ ಬೆಳಕು ಬೀರುವ ದೀಪವು, ಅದರಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ಕೋರೈಸದಂತೆ ಕೆಳಕ್ಕೆ ಬಾಗಿರಬೇಕು ಅಥವಾ ಚಾಲಕನು ಅದನ್ನು ಹಾಗೆ ತಗ್ಗಿಸಲು ಸಾಧ್ಯವಿರಬೇಕು. ಈ ಅಳತೆಯಲ್ಲಿ ಮನೆಯವರೊಬ್ಬರನ್ನು ನಿಲ್ಲಿಸಿ ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು.

• ನಿಯಮ 108: ಮುಂದಕ್ಕೆ ಕೆಂಪು ಬೆಳಕನ್ನು ತೋರಿಸುವಂತಿಲ್ಲ.

• ನಿಯಮ 111: ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಅಳವಡಿಸುವಂತಿಲ್ಲ. ಅಸಾಧಾರಣ ಸಂದರ್ಭಗಳಲ್ಲಿ ನೋಂದಣಿ ಪ್ರಾಧಿಕಾರಿಯ ಪೂರ್ವಾನುಮತಿ ಪಡೆದು ಮಾತ್ರ ಅಳವಡಿಸಬಹುದು.

• ಕಲಂ 52: ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ತತ್ವವನ್ನು ಎತ್ತಿಹಿಡಿದಿದೆ. ಬಾಡಿಗೆ-ಖರೀದಿ ಒಪ್ಪಂದದಡಿ ಇರುವ ವಾಹನವನ್ನು ನೋಂದಾಯಿತ ಮಾಲೀಕರ ಲಿಖಿತ ಸಮ್ಮತಿ ಇಲ್ಲದೆ ಮಾರ್ಪಡಿಸುವಂತಿಲ್ಲ.

ದಂಡನೆಗಳು: 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಅನ್ವಯ ಕಲಂ 182ಎ(4)ರಂತೆ, ಬಿಡಿಭಾಗಗಳನ್ನು ಹೊರಗಿನಿಂದ ಜೋಡಿಸುವುದೂ ಸೇರಿದಂತೆ ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಸ್ತೆ ಸುರಕ್ಷತೆಯ ಮಾನಕಗಳನ್ನು ಉಲ್ಲಂಘಿಸಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸಿದರೆ ಕಲಂ 190(2)ರಂತೆ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಅವಧಿಗೆ ಚಾಲನಾ ಪರವಾನಗಿಯ ಅನರ್ಹತೆ ಒದಗಬಹುದು. ಪ್ರತ್ಯೇಕ ದಂಡನೆ ಹೇಳದ ಉಲ್ಲಂಘನೆಗಳಿಗೆ ಕಲಂ 177 ಅನ್ವಯಿಸುತ್ತದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಿಂದ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನು ಕೈಗೊಂಡಿದ್ದರು.

8. ಕಛೇರಿಯಲ್ಲಿ ಅನುಸರಿಸಬೇಕಾದ ವಿಧಾನ

ಭಾತಂಬ್ರಾ ಗ್ರಾಮವು ಭಾಲ್ಕಿ ತಾಲ್ಲೂಕಿಗೆ ಸೇರಿದ್ದು, ಭಾಲ್ಕಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯ ನೋಂದಣಿ ಸಂಕೇತ ಕೆಎ-39 ಆಗಿರುತ್ತದೆ. ಬೀದರ್ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯ ಸಂಕೇತ ಕೆಎ-38. ವಾಹನ ಮಾಲೀಕರು ತಮ್ಮ ನೋಂದಣಿ ಪತ್ರದಲ್ಲಿ ನಮೂದಾದ ಕಛೇರಿಯನ್ನು ಸಂಪರ್ಕಿಸತಕ್ಕದ್ದು.

(ಅ) ಯಾವುದೇ ದೀಪ ನಿಯಮಕ್ಕೆ ಒಳಪಡುತ್ತದೆಯೇ ಎಂಬ ಸಂದೇಹವಿದ್ದಲ್ಲಿ ಹಾಕಿಸುವ ಮೊದಲೇ ಲಿಖಿತ ಅರ್ಜಿ ಸಲ್ಲಿಸಿ ಅಭಿಪ್ರಾಯ ಪಡೆಯುವುದು ಸೂಕ್ತ. ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಆಗಿದ್ದಲ್ಲಿ ಪೂರ್ವಾನುಮತಿ ಕಡ್ಡಾಯ.

(ಆ) ಅರ್ಜಿಯೊಂದಿಗೆ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ, ಗುರುತಿನ ಮತ್ತು ವಿಳಾಸದ ದಾಖಲೆ, ದೀಪದ ಮಾದರಿ ಹಾಗೂ ಅನುಮೋದನೆಯ ಗುರುತನ್ನು ತೋರಿಸುವ ವಿವರ ಪತ್ರವನ್ನು ಒದಗಿಸಿದರೆ ಪರಿಶೀಲನೆ ಸುಲಭವಾಗುತ್ತದೆ. ಅರ್ಜಿಯಲ್ಲಿ ದೀಪ ಬೇಕಾಗಿರುವ ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು.

(ಇ) ಖಾಸಗಿ ದ್ವಿಚಕ್ರ ವಾಹನದ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ನವೀಕರಣಕ್ಕೆ ನಮೂನೆ 25ರಲ್ಲಿ ಅವಧಿ ಮುಗಿಯುವ 60 ದಿನಗಳ ಒಳಗೆ ಅರ್ಜಿ ಸಲ್ಲಿಸಬೇಕು. ಆ ಸಂದರ್ಭದಲ್ಲಿ ನಿರೀಕ್ಷಕರು ದೀಪಗಳನ್ನು ಪರಿಶೀಲಿಸುವುದರಿಂದ, ನಿಯಮಬಾಹಿರ ದೀಪಗಳಿದ್ದಲ್ಲಿ ಅವುಗಳನ್ನು ತೆಗೆಸಿ ಮೂಲ ಸ್ಥಿತಿಗೆ ತಂದ ನಂತರವೇ ವಾಹನವನ್ನು ಹಾಜರುಪಡಿಸುವುದು ಒಳಿತು.

(ಈ) ಗಡಿ ಜಿಲ್ಲೆಯಾದ ಕಾರಣ ಮಹಾರಾಷ್ಟ್ರ ಮತ್ತು ತೆಲಂಗಾಣ ರಾಜ್ಯಗಳಲ್ಲಿ ನೋಂದಣಿಯಾದ ಹಳೆಯ ವಾಹನಗಳನ್ನು ಖರೀದಿಸುವವರಿದ್ದಾರೆ. ಅಂತಹ ವಾಹನದಲ್ಲಿ ಹಿಂದಿನ ಮಾಲೀಕರು ಹಾಕಿಸಿದ ದೀಪಗಳಿಗೂ ಈಗಿನ ಮಾಲೀಕರೇ ಉತ್ತರಿಸಬೇಕಾಗುತ್ತದೆ. ಖರೀದಿಗೆ ಮುನ್ನ ಮೂಲ ನೋಂದಣಿ ಕಛೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ಪಡೆಯಬೇಕು. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗೂ ಮೀರಿ ಇಲ್ಲಿ ಇರಿಸಿಕೊಳ್ಳುವುದಾದರೆ ಹೊಸ ನೋಂದಣಿ ಗುರುತಿಗಾಗಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

(ಉ) ಹೆಚ್ಚುವರಿ ದೀಪ ಅಳವಡಿಸಿದ ಸಂಗತಿಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಅಪಘಾತದ ನಂತರ ಪರಿಹಾರ ಕೋರುವಾಗ ಇದು ಉಪಯೋಗಕ್ಕೆ ಬರುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಂಗಡಿಯಲ್ಲಿ ಮುಕ್ತವಾಗಿ ಮಾರುತ್ತಿರುವ ದೀಪವನ್ನು ಹಾಕಿಸಿದರೆ ತಪ್ಪೇ?
ಉತ್ತರ: ಮಾರುಕಟ್ಟೆಯಲ್ಲಿ ದೊರೆಯುತ್ತದೆ ಎಂಬುದು ರಸ್ತೆಯಲ್ಲಿ ಬಳಸಲು ಅನುಮತಿ ಇದೆ ಎಂಬುದಕ್ಕೆ ಆಧಾರವಲ್ಲ. ಬಳಸುವ ಮಾಲೀಕರೇ ಜವಾಬ್ದಾರರು.

ಪ್ರಶ್ನೆ: ಎದುರಿನಿಂದ ಬರುವವರು ಬೆಳಕು ತಗ್ಗಿಸದಿದ್ದರೆ ಪ್ರತಿಯಾಗಿ ಹೆಚ್ಚುವರಿ ದೀಪ ಉರಿಸಬಹುದೇ?
ಉತ್ತರ: ಉರಿಸಬಾರದು. ಕೋರೈಸಿದ ಕಣ್ಣು ಸರಿಹೋಗಲು ಕೆಲವು ಸೆಕೆಂಡ್‌ಗಳು ಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್‌ಗಳಲ್ಲಿ ವಾಹನವು ಸುಮಾರು 42 ಮೀಟರ್ ಸಾಗುತ್ತದೆ. ಇಬ್ಬರೂ ಕಾಣದೆ ಸಾಗುವುದು ಇಬ್ಬರ ಜೀವಕ್ಕೂ ಅಪಾಯ. ವೇಗ ತಗ್ಗಿಸಿ, ದೃಷ್ಟಿಯನ್ನು ರಸ್ತೆಯ ಎಡ ಅಂಚಿನ ಕಡೆಗೆ ಇರಿಸಿ, ಅಗತ್ಯವಿದ್ದರೆ ನಿಲ್ಲಿಸಬೇಕು.

ಪ್ರಶ್ನೆ: ಮಂಜಿನಲ್ಲಿ ಎತ್ತರದ ಬೆಳಕು ಹೆಚ್ಚು ಉಪಯುಕ್ತವಲ್ಲವೇ?
ಉತ್ತರ: ಅಲ್ಲ. ಎತ್ತರದ ಬೆಳಕು ಮಂಜಿನ ಹನಿಗಳಿಂದ ಮರಳಿ ಸವಾರನ ಕಣ್ಣಿಗೇ ಬಂದು ಬಿಳಿಯ ಗೋಡೆಯಂತೆ ಕಾಣುತ್ತದೆ. ತಗ್ಗು ಬೆಳಕು ಮತ್ತು ಮಂಜು ದೀಪವನ್ನು ಬಳಸಬೇಕು.

ಪ್ರಶ್ನೆ: ಹೆಚ್ಚುವರಿ ದೀಪಕ್ಕೆ ಹಣವಿಲ್ಲದವರು ಏನು ಮಾಡಬಹುದು?
ಉತ್ತರ: ಗಾಜು ಶುಚಿಗೊಳಿಸುವುದು, ಕೋನ ಸರಿಪಡಿಸುವುದು ಮತ್ತು ವೇಗವನ್ನು ಗಂಟೆಗೆ 40 ಕಿ.ಮೀ. ಒಳಗೆ ಇರಿಸುವುದಕ್ಕೆ ಖರ್ಚಿಲ್ಲ. ವಾಹನದ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವುದಕ್ಕೆ ಅತ್ಯಲ್ಪ ಹಣ ಸಾಕು. ಟ್ರ್ಯಾಕ್ಟರ್ ಟ್ರೇಲರ್ ಹಾಗೂ ಎತ್ತಿನ ಬಂಡಿಗಳ ಮಾಲೀಕರು ಸಹ ಇದೇ ಪಟ್ಟಿಯನ್ನು ಹಿಂಭಾಗಕ್ಕೆ ಅಂಟಿಸಿದರೆ ಹಿಂದಿನಿಂದ ಬರುವ ಸವಾರರಿಗೆ ಅವು ದೂರದಿಂದಲೇ ಕಾಣುತ್ತವೆ.

10. ಸಾರಾಂಶ

ಮೂಲ ದೀಪವನ್ನು ಸರಿಪಡಿಸಿದ ನಂತರವೂ ಬೆಳಕು ಸಾಲದೆ ಇದ್ದಲ್ಲಿ ಮಾತ್ರ ಹೆಚ್ಚುವರಿ ದೀಪದ ಬಗ್ಗೆ ಯೋಚಿಸಬೇಕು. ಅನುಮೋದನೆಯ ಗುರುತುಳ್ಳ, ಜನರೇಟರಿನ ಸಾಮರ್ಥ್ಯಕ್ಕೆ ಹೊಂದುವ ದೀಪವನ್ನು ಆಯ್ದು, ಫ್ಯೂಸ್ ಮತ್ತು ರಿಲೇ ಸಹಿತ ಜೋಡಿಸಿ, ನಿತ್ಯದ ಹೊರೆಯೊಂದಿಗೆ ಕೋನವನ್ನು ಹೊಂದಿಸಬೇಕು. ಎದುರಿಗೆ ವಾಹನ ಅಥವಾ ಪಾದಚಾರಿ ಕಂಡೊಡನೆ ಬೆಳಕನ್ನು ತಗ್ಗಿಸಬೇಕು. ಅಪಘಾತ ಸಂಭವಿಸಿದಲ್ಲಿ ಆಂಬುಲೆನ್ಸ್‌ಗಾಗಿ 108 ಅಥವಾ ತುರ್ತು ಸಹಾಯಕ್ಕಾಗಿ 112 ಸಂಖ್ಯೆಗೆ ಕರೆ ಮಾಡಬಹುದು. ಹೆಚ್ಚಿನ ವಿವರಗಳಿಗೆ ಸಾರ್ವಜನಿಕರು ಕಛೇರಿಯ ವೇಳೆಯಲ್ಲಿ ಸಂಬಂಧಪಟ್ಟ ಸಾರಿಗೆ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.